ಕಾಲು ನೋಡುವ ಸಂಗೀತ

ಕಾಲೇಜಿಗೆ ಹೋಗುವ ಮಗಳಿರುವ ಮನೆಯಲ್ಲಿ ಅಪ್ಪನಾದವನು ಕೇಳಲೇಬಾರದ ಒಂದು ಪ್ರಶ್ನೆ ಉಂಟು: “ಇದೆಂತ ಶಬ್ದ?” ಕೇಳಿದಿರೋ, ಕೆಟ್ಟಿರಿ. ಮೊದಲು ಅದು ಶಬ್ದ ಅಲ್ಲ, ಸಂಗೀತ ಎಂದು ತಿದ್ದುತ್ತಾರೆ. ಆಮೇಲೆ ಅದಕ್ಕೊಂದು ಹೆಸರು ಹೇಳುತ್ತಾರೆ. ಹೆಸರು ಕೇಳಿದ ಮೇಲೆ ನಮ್ಮ ದಡ್ಡತನ ಮೊದಲಿಗಿಂತ ಹೆಚ್ಚಾಗಿರುತ್ತದೆ. ನನ್ನ ಮಗಳು ಧನ್ಯ ಕೋಣೆಯ ಬಾಗಿಲು ಹಾಕಿಕೊಂಡು ಗಿಟಾರ್ ಬಾರಿಸುತ್ತಿದ್ದಳು. ಬಾರಿಸುತ್ತಿದ್ದಳು ಎಂಬುದು ನನ್ನ ಊಹೆ. ಹೊರಗೆ ಕೇಳುತ್ತಿದ್ದದ್ದು ಬಾವಿಯೊಳಗೆ ಕುಳಿತು ಯಾರೋ ನರಳುತ್ತಿರುವಂಥ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ತಿಳಿಯದ ಒಂದು ನಾದ. ಕೇಳಿದೆ. “ಶೂಗೇಜ್” ಎಂದಳು. ಅದೊಂದು ಜಾತಿಯ ರಾಕ್ ಸಂಗೀತವಂತೆ. ಶೂಗೂ ಸಂಗೀತಕ್ಕೂ ಎಂತ ಸಂಬಂಧ ಎಂದು ಕೇಳುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

ಅರ್ಥವಾಗದ್ದನ್ನು ಹಾಗೇ ಬಿಡುವ ಜಾತಿ ನಾನಲ್ಲ. ಅಪಘಾತವಾದ ವಾಹನಗಳನ್ನು ನೋಡಿ ವಿಮೆಯವರಿಗೆ ವರದಿ ಕೊಡುವ ಸರ್ವೇಯರ್ ನಾನು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನನ್ನ ಸಂಸಾರ ನಡೆಯುತ್ತಿದೆ. “ಯಾರೋ ಅಡ್ಡ ಬಂದ ಹಾಗೆ ಆಯ್ತು ಸರ್, ಇಳಿದು ನೋಡಿದ್ರೆ ಯಾರೂ ಇಲ್ಲ” ಎಂದು ಡ್ರೈವರುಗಳು ದನಿ ತಗ್ಗಿಸಿ ಹೇಳುವಾಗ ನಾನು ಬಗ್ಗಿ ಟಯರು ನೋಡುತ್ತಿರುತ್ತೇನೆ. ಎಷ್ಟೋ ಬಿಳಿ ಸೀರೆಯ ಹೆಂಗಸರು ನನ್ನ ವರದಿಗಳಲ್ಲಿ ಸವೆದ ಟಯರುಗಳಾಗಿ ಹೋಗಿದ್ದಾರೆ.

ಹೆಸರಿನ ಕಾರಣ ಸಿಕ್ಕಿದ್ದು ಬೆಂಗ್ರೆಯಲ್ಲಿ. ಧನ್ಯಳ ತಂಡದ ಹುಡುಗಿಯೊಬ್ಬಳ ಮನೆಯವರ ಬಲೆ ಇಡುವ ಶೆಡ್ಡಿನಲ್ಲಿ ಅವರ ಮೊದಲ ಪ್ರದರ್ಶನ. ದೋಣಿಯಲ್ಲಿ ಹೊಳೆ ದಾಟಿ ಹೋದೆ. ಮೋಡದ ಸಂಜೆ, ಒಳಗೆ ಒಂದೇ ಮಂದ ದೀಪ, ಸುತ್ತ ಮಾಡಿನಿಂದ ಇಳಿಬಿಟ್ಟ ಬಲೆಗಳು. ಮೂವರು ಹುಡುಗಿಯರು ಬಂದು ನಿಂತರು, ತಲೆ ತಗ್ಗಿಸಿದರು, ಮತ್ತೆ ಎತ್ತಲೇ ಇಲ್ಲ. ಒಂದು ನಗುವಿಲ್ಲ, ಒಂದು ನಮಸ್ಕಾರವಿಲ್ಲ. ತಮ್ಮ ತಮ್ಮ ಪಾದಗಳನ್ನೇ ನೋಡುತ್ತ ಮರದ ಗೊಂಬೆಗಳ ಹಾಗೆ ನಿಂತಿದ್ದಾರೆ, ನಾದ ಮಾತ್ರ ಏರುತ್ತಿದೆ, ಬಲೆಗಳು ತಾವಾಗಿಯೇ ಅಲುಗುತ್ತಿವೆ. ಪಾಪ, ಸರಿಯಾಗಿ ತಯಾರಿ ಮಾಡದೆ ನಾಚಿಕೆಯಾಗಿರಬೇಕು ಎಂದು ನಾನು ಒಬ್ಬನೇ ಜೋರಾಗಿ ಚಪ್ಪಾಳೆ ತಟ್ಟಿದೆ. ಹಿಂದೆ ಬರುವಾಗ ದೋಣಿಯಲ್ಲಿ ಮಗಳು ಬಿಡಿಸಿ ಹೇಳಿದಳು. ಈ ಸಂಗೀತದವರ ಕಾಲ ಬುಡದಲ್ಲಿ ಪೆಡಲುಗಳ ಸಾಲು ಇರುತ್ತದಂತೆ. ಒಂದನ್ನು ಒತ್ತಿದರೆ ನಾದ ಹರಡುತ್ತದೆ, ಇನ್ನೊಂದನ್ನು ಒತ್ತಿದರೆ ಹೋದ ನಾದ ತಿರುಗಿ ಬರುತ್ತದೆ. ಅದನ್ನು ನೋಡಿಕೊಂಡು ಒತ್ತಲಿಕ್ಕೆ ತಲೆ ತಗ್ಗಿಸಲೇಬೇಕು. ಇಂಗ್ಲೆಂಡಿನ ಪತ್ರಿಕೆಯವರು ಇವರೆಂಥ ಶೂ ನೋಡುವವರು ಎಂದು ಗೇಲಿ ಮಾಡಿದರು. ಗೇಲಿಯೇ ಹೆಸರಾಗಿ ನಿಂತಿತು. ಕಾರಣ ಸಿಕ್ಕಿತಲ್ಲ, ನನಗೆ ಸಮಾಧಾನವಾಯಿತು.

ಸಮಾಧಾನ ಬಹಳ ದಿನ ಉಳಿಯಲಿಲ್ಲ, ಏಕೆಂದರೆ ಆಷಾಢದ ಹೊತ್ತಿನ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮಲ್ಲಿ ತೀರಿಹೋದವರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ಕ್ರಮ. ಒಂದು ಕೋಣೆಯಲ್ಲಿ ದೀಪ ಹಚ್ಚಿ, ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಸುಮ್ಮನೆ ಕಾಯಬೇಕು. ಅವರು ಬಂದು ಉಂಡು ಹೋಗುತ್ತಾರೆ. ನಾವು ಜೆಪ್ಪುವಿನ ಬಾಡಿಗೆ ಮನೆಯಲ್ಲಿದ್ದಷ್ಟು ಕಾಲ ನನ್ನ ಅಪ್ಪ ತಪ್ಪದೆ ಬರುತ್ತಿದ್ದರು ಎಂದು ಅಮ್ಮನ ಲೆಕ್ಕ. ಅನ್ನದಲ್ಲೊಂದು ಕುಳಿ, ಮೀನಿನ ತುಂಡಿನಲ್ಲೊಂದು ಕಚ್ಚು ಕಾಣುತ್ತಿತ್ತು. ದೇರೆಬೈಲಿನ ಫ್ಲ್ಯಾಟಿಗೆ ಬಂದ ಮೇಲೆ ಎಲೆ ಬಡಿಸಿದ ಹಾಗೇ ಇರುತ್ತದೆ. ಜೆಪ್ಪುವಿನಲ್ಲಿ ಬೆಕ್ಕುಗಳಿದ್ದವು, ನಾಲ್ಕನೇ ಮಾಳಿಗೆಗೆ ಬೆಕ್ಕು ಬರುವುದಿಲ್ಲ ಎಂಬುದು ನನ್ನ ವಿವರಣೆ. ಅವರಿಗೆ ಲಿಫ್ಟು ಒತ್ತಲಿಕ್ಕೆ ಗೊತ್ತುಂಟಾ ಎಂಬುದು ಅಮ್ಮನದು. ಈ ವರ್ಷ ಅಮ್ಮ ನನ್ನನ್ನು ಕೂರಿಸಿಕೊಂಡು, ಈ ಸಲವೂ ಬರದಿದ್ದರೆ ಮುಂದೆ ಬಡಿಸುವುದೇ ಬೇಡ ಎಂದರು. ಬಾರದವರ ಎಲೆ ನೋಡಲಿಕ್ಕೆ ಇನ್ನು ತನ್ನಿಂದಾಗುವುದಿಲ್ಲವಂತೆ. ಅಪ್ಪ ತೀರಿಹೋದ ದಿನವೂ ಅಮ್ಮನ ದನಿ ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ.

ಹಾಗಾಗಿ ಬಡಿಸುವ ಮುನ್ನಾದಿನ ಅಮ್ಮನನ್ನು ಜೆಪ್ಪುವಿಗೆ ಕರೆದುಕೊಂಡು ಹೋದೆ. ಹಳೆಯ ಮನೆಯ ಗೇಟಿನ ಮುಂದೆ ನಿಂತು ಅಮ್ಮ ಹೊಸ ವಿಳಾಸವನ್ನು ನಿಧಾನವಾಗಿ, ಕಿವಿ ಮಂದವಿದ್ದವರಿಗೆ ಹೇಳುವ ಹಾಗೆ, ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿಯಲು ಹೇಳಿದರು. ಹಿಡಿದೆ. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ಹಾಕಲು ಹೊರಟರೆ, “ಮೆಲ್ಲ ಹಾಕು ಮಾರಾಯ, ಕೈ ಸಿಕ್ಕೀತು” ಎಂದರು. ಹೊರಟ ಮೇಲೆ ಹಿಂದಿನ ಸೀಟಿನವರು ಬೆಲ್ಟು ಹಾಕಿಲ್ಲವೆಂದು ಕಾರು ಕುಂಯ್ಗುಟ್ಟತೊಡಗಿತು. ಅಮ್ಮ ಹಿಂದೆ ಇಟ್ಟಿದ್ದ ತೆಂಗಿನಕಾಯಿ ಚೀಲದ ಭಾರಕ್ಕೆ ಅದು; ನನಗೆ ಗೊತ್ತಿಲ್ಲದ್ದಾ? ಆದರೂ ಕನ್ನಡಿಯಲ್ಲಿ ಹಿಂದೆ ನೋಡಲು ಯಾಕೋ ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗಿನಿಂದ ಕರೆಂಟಿಲ್ಲ. ಬಡಿಸಲು ಖಾಲಿ ಇದ್ದದ್ದು ಧನ್ಯಳ ಕೋಣೆಯೊಂದೇ. ಅವಳು ತನ್ನ ಮೈಕು, ಪೆಡಲು, ಸ್ಪೀಕರು ಮುಂತಾದ ಯಂತ್ರಗಳನ್ನೆಲ್ಲ ಮೂಲೆಗೆ ತಳ್ಳಿ ಹಳೆಯ ಬೆಡ್‌ಶೀಟು ಹೊದಿಸಿದಳು. ಮೂರುಸಂಜೆಗೆ ಅನ್ನ, ಕೋರಿ ರೊಟ್ಟಿ, ಬಂಗುಡೆ ಸಾರು, ಒಂದು ಲೋಟ ಕಳ್ಳು ಎಲ್ಲ ಇಟ್ಟು, ಬಾಗಿಲು ಎಳೆದು, ನಾವು ನಾಲ್ವರೂ ಹೊರಗೆ ಸಾಲಾಗಿ ನಿಂತೆವು. ಅಮ್ಮ, ನನ್ನ ಹೆಂಡತಿ, ಧನ್ಯ, ಕೊನೆಯಲ್ಲಿ ನಾನು. ಹಾಲಿನ ಫ್ಯಾನು ಇನ್ವರ್ಟರಿನಲ್ಲಿ ತಿರುಗುತ್ತಿತ್ತು. ಸುಮಾರು ಹೊತ್ತಾಯಿತು. ಅಮ್ಮನಿಗೆ ತಡೆಯಲಿಲ್ಲವೇನೋ, ಬಾಗಿಲಿಗೆ ಬಾಯಿ ಹತ್ತಿರ ತಂದು ತುಳುವಿನಲ್ಲಿ ಕೇಳಿದರು, “ಬತ್ತರಾ?” ಬಂದಿರಾ ಎಂದು.

ಒಳಗಿನಿಂದ “ಹೂಂ” ಎಂದು ಬಂತು.

ಹೂಂ ಎಂದರೆ ಮನುಷ್ಯರ ಹೂಂ ಅಲ್ಲ. ನೆಲದಡಿಯಿಂದ ಎದ್ದ ಹಾಗೆ, ಮುಗಿಯದೆ, ಬೆಳೆಯುತ್ತ ಬೆಳೆಯುತ್ತ ಬಾಗಿಲ ಚಿಲಕವನ್ನು ಕಟಕಟ ಎನಿಸಿದ ಹೂಂ. ಅಮ್ಮ ಮಾತಾಡಿದರೆ ಅದು ಉಬ್ಬುತ್ತದೆ, ಸುಮ್ಮನಾದರೆ ಇಳಿಯುತ್ತದೆ. ಅಮ್ಮ ಮೊಮ್ಮಗಳ ಓದು, ತನ್ನ ಮಂಡಿನೋವು, ಎಲ್ಲ ಹೇಳಿದರು. ಅದು ಎಲ್ಲದಕ್ಕೂ ಹೂಂಗುಟ್ಟಿತು. ನನ್ನ ರೋಮ ಎದ್ದು ನಿಂತಿತ್ತು. ಧನ್ಯಳನ್ನು ನೋಡಿದೆ; ಅವಳ ಮುಖ ಬಿಳಿಚಿತ್ತು, ಕಣ್ಣು ಪಾದದ ಮೇಲಿತ್ತು. ಹೆಂಡತಿಯದೂ ಹಾಗೆ. ಅಮ್ಮನದೂ. ನನ್ನದೂ ಆಗಲೇ ಅಲ್ಲಿಗೆ ಹೋಗಿತ್ತು. ಪೆಡಲಿಗಾಗಿ ತಲೆ ತಗ್ಗಿಸುತ್ತಾರೆ ಎಂದು ಮಗಳು ಹೇಳಿದ್ದು ಅರ್ಧ ಸತ್ಯ ಎಂದು ನನಗೆ ಆಗ ಅನ್ನಿಸಿತು. ಅಂಥ ನಾದದ ಎದುರು ತಲೆ ಎತ್ತಲಿಕ್ಕೆ ಆಗುವುದಿಲ್ಲ. ಎತ್ತಿದರೆ ಏನಾದರೂ ಕಂಡುಬಿಟ್ಟರೆ?

ಬಾಗಿಲು ತೆರೆದಾಗ ಎಲೆಯ ಮೇಲೆ ಒಂದು ಅಗುಳೂ ಕದಲಿರಲಿಲ್ಲ. ಮೂಲೆಯಲ್ಲಿ ಬೆಡ್‌ಶೀಟಿನಡಿ ಒಂದು ಕೆಂಪು ದೀಪ ಉರಿಯುತ್ತಿತ್ತು. ಸ್ವಿಚ್ಚು ಆರಿಸಲು ಮರೆತಿದ್ದಾಳೆ, ಕರೆಂಟು ಬಂದಿದೆ, ಮೈಕು ಅಮ್ಮನ ದನಿ ಹಿಡಿದು ಪೆಡಲಿಗೆ ಕೊಟ್ಟಿದೆ ಎಂದು ನಾನು ಕ್ಷಣದಲ್ಲಿ ಕಾರಣ ಕಂಡುಹಿಡಿದೆ; ಕಂಡುಹಿಡಿದು ಬಾಯಿ ಮುಚ್ಚಿಕೊಂಡೆ. ಅಮ್ಮನ ಮುಖ ಅಷ್ಟು ಅರಳಿತ್ತು. ಆದರೆ ಮಗಳಿಗೆ ತಡೆಯಲಿಲ್ಲ. ಅಜ್ಜಿಯ ಕೈ ಹಿಡಿದು, ಅದು ತನ್ನ ಮೆಷಿನ್ನು ಎಂದು ಅಳುತ್ತ ಹೇಳಿಬಿಟ್ಟಳು. ಮುಗಿಯಿತು ಎಂದುಕೊಂಡೆ.

“ಮೆಷಿನ್ನು ಅಂತ ನಂಗೂ ಗೊತ್ತುಂಟು ಮಗಾ. ಆ ಕೆಂಪು ಲೈಟು ಕಾಣುದಿಲ್ವಾ ನಂಗೆ?” ಎಂದರು ಅಮ್ಮ. “ಇಡೀ ದಿನ ಇಲ್ಲದ ಕರೆಂಟು ನಾನು ಕರೆದ ಮೇಲೆ ಬಂದದ್ದು ಯಾಕೆ, ಅದನ್ನು ನಿನ್ನ ಅಪ್ಪನ ಹತ್ರ ಕೇಳು.”

ಮಗಳು ನನ್ನ ಕಡೆ ನೋಡಿದಳು. ನಾನು ಬಗ್ಗಿ ಸ್ವಿಚ್ಚು ಆರಿಸಿದೆ. ಮುಂದಿನ ವರ್ಷವೂ ಇದೇ ಕೋಣೆಯಲ್ಲಿ ಬಡಿಸುವುದೆಂದು ಅಮ್ಮ ತೀರ್ಮಾನ ಕೊಟ್ಟು, ಹಸಿವಾಯಿತು ಎಂದು ಊಟಕ್ಕೆ ಕುಳಿತರು.

ಮೊನ್ನೆ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕಾರಣವನ್ನು ಪರೀಕ್ಷಿಸಿ ನೋಡುವುದು ನನ್ನ ವೃತ್ತಿಧರ್ಮ ಎಂದು ನನಗೆ ನಾನೇ ಹೇಳಿಕೊಂಡು ಧನ್ಯಳ ಕೋಣೆಗೆ ಹೋಗಿ ಸ್ವಿಚ್ಚು ಹಾಕಿದೆ. ಕೆಂಪು ದೀಪ ಹೊತ್ತಿತು. ಮೈಕಿನ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡೆ. ಏನು ಕೇಳುವುದು? ಅಪ್ಪ ಇದ್ದಾಗಲೂ ನಾವಿಬ್ಬರು ಹೆಚ್ಚು ಮಾತಾಡಿದವರಲ್ಲ. ಕೊನೆಗೆ, “ಅಪ್ಪ, ಊಟ ಆಯ್ತಾ?” ಎಂದೆ. ಏನಿಲ್ಲ. ಸ್ವಲ್ಪ ಜೋರಾಗಿ ಇನ್ನೊಮ್ಮೆ ಕೇಳಿದೆ. ಕೋಣೆ ಗಪ್‌ಚಿಪ್. ಎಲ್ಲೋ ಒಂದು ವೈರು ಕಳಚಿರಬೇಕು, ಇಲ್ಲ ಮಗಳು ಯಾವುದೋ ಗುಂಡಿ ತಿರುಗಿಸಿಟ್ಟಿರಬೇಕು. ಬಗ್ಗಿ ನೋಡಿದರೆ ತಿಳಿಯುತ್ತಿತ್ತು. ನೋಡಲಿಲ್ಲ. ವೈರು ಸರಿಯಾಗಿಯೇ ಇದ್ದರೆ? ಹೆಂಡತಿ ಕರೆದರೆ ಓಡಿ ಬರುವವರಿಗೆ ಮಗ ಕರೆದರೆ ಒಂದು ಹೂಂ ಅನ್ನಲಿಕ್ಕೆ ಆಗುವುದಿಲ್ಲವಾ ಎಂದು ನನಗೆ ನಿಜವಾಗಿಯೂ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ತಲೆ ತಗ್ಗಿಸಿದೆ. ಬರಿಗಾಲಲ್ಲಿದ್ದೆ. ಮನೆಯೊಳಗೆ ಹಾಕುವ ಚಪ್ಪಲಿಯನ್ನು ನನಗೇ ತಿಳಿಯದೆ, ದೇವರ ಕೋಣೆಗೆ ಹೋಗುವವರ ಹಾಗೆ, ಬಾಗಿಲ ಹೊರಗೆ ಬಿಟ್ಟು ಬಂದಿದ್ದೆ.