ಗಡಿಗುಂಡಿಗೆ ಬಿದ್ದ ಸರ್ಕಾರಗಳು

ಜನರೂ ಸರ್ಕಾರವೂ ಕೈಜೋಡಿಸಿದರೆ ಊರು ಉದ್ಧಾರವಾಗುತ್ತದೆ ಎನ್ನುವವರು ಇಬ್ಬರ ನಡುವೆ ನಿಂತು ನೋಡಿದವರಲ್ಲ. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲದಲ್ಲಿ ಅಲ್ಲಿ ಪಂಚಾಯಿತಿ ಬೋರ್ಡಿನ ಗುಮಾಸ್ತನಾಗಿದ್ದ ನನಗೆ ಅದೇ ಕೆಲಸ.

ಚರಂಡಿ

ನೇಕಾರರ ಬೀದಿಯವರೆಲ್ಲ ಸೇರಿ ಚರಂಡಿ ಕೇಳಿದರು. ಓವರ್‌ಸಿಯರ್ ಜೊತೆ ಅಳೆಯಲು ಹೋದೆ.

"ನಾವು ಮಗ್ಗದ ರೇಷ್ಮೆ ನೂಲ್ನ ಬೀದಿ ಉದ್ದಕ್ಕೂ ಹಾಸು ಎಳೀತೀವಿ. ಎಡಗಡೆ ತೋಡ್ಸಿ ಸಾ" ಎಂದರು ಬಲಗಡೆಯವರು.

"ನಮ್ಮನೇಲಿ ಮದ್ವೆ ಅದೆ, ಚಪ್ರ ಎಲ್ಲಾಕನ? ಬಲಗಡೇನೇ ಸರಿ" ಎಂದರು ಎಡಗಡೆಯವರು.

ಮಾತಿಗೆ ಮಾತು ಬೆಳೆಯಿತು. ಬೇಸತ್ತ ಓವರ್‌ಸಿಯರ್, "ಹಾಗಾದ್ರೆ ನಟ್ಟನಡುವೆ ತೋಡಿಸ್ತೀನಿ" ಎಂದರು. ಅಷ್ಟುಹೊತ್ತೂ ಕಚ್ಚಾಡುತ್ತಿದ್ದವರು ಒಟ್ಟಿಗೆ ಬೋರ್ಡಿಗೆ ಬಂದು, ಚರಂಡಿಯೇ ಬೇಡ ಎಂದರು. ಬೀದಿಗೆ ಒಗ್ಗಟ್ಟು ಬಂತು, ಚರಂಡಿ ಬರಲಿಲ್ಲ.

ಹೊಗಳಿಕೆ

ಒಬ್ಬ ದೊಡ್ಡ ಅಧಿಕಾರಿ ಲೊಕ್ಕನಹಳ್ಳಿಯಲ್ಲಿ ಶ್ರಮದಾನದ ಬಗ್ಗೆ ತಮಿಳಿನಲ್ಲಿ ಭಾಷಣ ಬಿಗಿದರು. ಜನ ಆಕಳಿಸಿದರು. ಮುಗಿದ ಮೇಲೆ ಕನ್ನಡದಲ್ಲಿ ಹೇಳುವ ಪಾಳಿ ನನ್ನದು.

"ರಸ್ತೆಗೆ ಮಣ್ಣು ಹಾಕಬೇಕಂತೆ. ನಾಳೆ ಗುದ್ದಲಿ ತನ್ನಿ" ಎಂದೆ.

ಊರಿನ ಯಜಮಾನರು ಕೇಳಿದರು, "ಅಷ್ಟೊತ್ತು ಮಾತಾಡುದ್ರಲ್ಲ ಸಾ, ಇಷ್ಟೇನಾ?"

"ಮಿಕ್ಕಿದ್ದೆಲ್ಲ ನಿಮ್ಮನ್ನ ಹೊಗಳಿದ್ದು."

ಯಜಮಾನರು ಜನರ ಕಡೆ ತಿರುಗಿದರು. "ಕೂಲಿ ಕೊಡಾಕಿಲ್ವಂತೆ ಕಣ್ರಪ್ಪಾ."

ಗುಂಡಿ

ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದರಾಸಿನದು. ನಡುವಿನ ರಸ್ತೆಯಲ್ಲಿ ಸರಿಯಾಗಿ ಗಡಿಕಲ್ಲಿನ ಬುಡದಲ್ಲಿ ದೊಡ್ಡ ಗುಂಡಿ. ಅದು ಮೈಸೂರಿನದೆಂದು ನಮ್ಮವರು, ಮದರಾಸಿನದೆಂದು ಅವರು. ಮಧುವನಹಳ್ಳಿಯ ರೈತರೊಬ್ಬರ ಬೆಲ್ಲದ ಗಾಡಿ ಸಂತೆಗೆ ಹೋಗುವಾಗಲೆಲ್ಲ ಅದರಲ್ಲಿ ಹೂತುಕೊಳ್ಳುತ್ತಿತ್ತು. ಕೊನೆಗೆ ಎತ್ತಿನ ಕಾಲು ಉಳುಕಿತು. ರೈತರು ಎರಡೂ ಕಚೇರಿಗೆ ಅಲೆದಲೆದು, ಅಂತೂ ಎರಡೂ ಕಡೆಯ ಓವರ್‌ಸಿಯರ್‌ಗಳನ್ನು ಒಂದೇ ದಿನ ಅಲ್ಲಿಗೆ ಕರೆಸಿದರು.

ಹಿಂದಿನ ದಿನದ ಮಳೆಗೆ ಗುಂಡಿ ತುಂಬಿತ್ತು. ಮೈಸೂರಿನ ಓವರ್‌ಸಿಯರ್ ಟೇಪು ಹಿಡಿದು ಹಿಂದಹಿಂದಕ್ಕೆ ನಡೆಯುತ್ತ, "ನೋಡಿ, ಇಲ್ಲಿಂದಾಚೆ ನಿಮ್ಮದು" ಎನ್ನುತ್ತಲೇ ಸೊಂಟದವರೆಗೆ ಮುಳುಗಿದರು. ಎಳೆಯಲು ಕೈನೀಡಿದ ನಮ್ಮ ಓವರ್‌ಸಿಯರ್ರೂ ಅವರ ಮೇಲೆಯೇ ಬಿದ್ದರು. ರೈತರು ನೊಗಕ್ಕೆ ಹಗ್ಗ ಕಟ್ಟಿ, ಎತ್ತುಗಳಿಂದ ಇಬ್ಬರನ್ನೂ ಮೇಲಕ್ಕೆಳೆಸಿದರು.

ವಾರದೊಳಗೆ ಎರಡೂ ಸರ್ಕಾರದ ಜಲ್ಲಿ ಬಂದು ಗುಂಡಿ ಮುಚ್ಚಿತು.

ಆಮೇಲೊಂದು ದಿನ ಆ ರೈತರು ಬೆಲ್ಲದ ಅಚ್ಚು ಹಿಡಿದು ಬೋರ್ಡಿಗೆ ಬಂದರು. ಓವರ್‌ಸಿಯರ್‌ಗೆ ಕೈಮುಗಿದು, "ದೊಡ್ಡ ಉಪಕಾರ ಆಯ್ತು ಬುದ್ದಿ" ಎಂದು ಹೇಳಿ, ಹೊರಡುವ ಮುನ್ನ ತುಸು ಸಂಕೋಚದಿಂದ ಸೇರಿಸಿದರು, "ನಮ್ಮೂರ ದಾರೀಲೂ ಒಂದು ಗುಂಡಿ ಅದೆ. ಯಾವತ್ತು ಬಿಡುವಾದದು ಯೋಳಿ, ಗಾಡಿ ಕಟ್ಕಂಡು ಬತ್ತೀನಿ. ಬಂದು ಒಂದ್ಸಲ ಬಿದ್ದೋಗಿ."