ಬಿ.ಪಿ. ಇಳಿಯದಿದ್ದರೆ ಬಸ್ಸಿನಿಂದ ಇಳಿಯಬೇಕು

ನೆಮ್ಮದಿಯಾಗಿ ಇರೋಣ ಅಂತ ನಾನು ಎಲ್ಲಿ ಕೂತರೂ ಅಲ್ಲೊಂದು ಎಡವಟ್ಟು ಆಗಿಯೇ ತೀರುತ್ತದೆ. ಅದಕ್ಕೆ ನನ್ನ ಜಾತಕ ಕಾರಣ ಅನ್ನುತ್ತಾಳೆ ನನ್ನ ಹೆಂಡತಿ. ನಮ್ಮ ಹಾಸನ ಸೀಮೆ ಜನರ ಒಳ್ಳೆಯತನ ಕಾರಣ ಅನ್ನುತ್ತೇನೆ ನಾನು.

ನಾನು ಬಸ್ ಡ್ರೈವರ್. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ನನ್ನ ರೂಟು. ಈ ಸಲ ಹಾಸನದ ಆಸ್ಪತ್ರೆಗೆ ಮೆಡಿಕಲ್ಲಿಗೆ, ಅಂದರೆ ಡ್ರೈವರುಗಳ ಆರೋಗ್ಯ ತಪಾಸಣೆಗೆ, ಹೋದಾಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು, ಹುಬ್ಬು ಮೇಲೆತ್ತಿದರು.

"ಬಿ.ಪಿ. ಜಾಸ್ತಿ ಇದೆ. ಮಾತ್ರೆ ತಗೊಳ್ಳಿ. ದಿನಾ ಬೆಳಿಗ್ಗೆ ನಡೀರಿ, ಹಾರ್ನ್ ಹೊಡೆದು ರೇಗೋದು ಬಿಡಿ, ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಿ. ಮುಂದಿನ ತಿಂಗಳು ನೋಡ್ತೀನಿ. ಇಳಿದಿಲ್ಲ ಅಂದ್ರೆ ಸ್ಟೇರಿಂಗ್ ಹಿಡಿಯೋಕೆ ಬಿಡಲ್ಲ."

ಸ್ಟೇರಿಂಗ್ ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಡಿಪೋದಲ್ಲಿ ನಿಂತು ಬೇರೆಯವರ ಬಸ್ಸಿಗೆ ಗೇಟು ತೆಗೆಯುವುದನ್ನು ನೆನೆಸಿಕೊಂಡೇ ಬಿ.ಪಿ. ಇನ್ನಷ್ಟು ಏರಿರಬೇಕು.

ವಾಕಿಂಗು

ಮಾರನೇ ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಮನೆಯಿಂದ ಹೊಳೆ ಕಡೆಗೆ ಹೊರಟೆ. ಮೊದಲ ತಿರುವಿನಲ್ಲೇ ಹಾಲಿನವನು ಬೈಕ್ ನಿಲ್ಲಿಸಿದ.

"ಯಾಕ್ ಸಾ, ನಡ್ಕೊಂಡು ಓಯ್ತಿದ್ದೀರಾ? ಕೂತ್ಕಳಿ."

"ವಾಕಿಂಗ್ ಕಣಪ್ಪ."

"ನಾನೂ ಅದೇ ಕಡೀಕೆ ಓಗದು ಸಾ, ಕೂತ್ಕಳಿ."

ದಿನವೆಲ್ಲ ಜನರನ್ನು ಕೂರಿಸಿಕೊಂಡು ಹೋಗುವ ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಸೇತುವೆ ಹತ್ತಿರ ಇಳಿದೆ. ನಡೆದು ವಾಪಸಾಗೋಣ ಅಂದರೆ ಗೊಬ್ಬರದ ಟ್ರ್ಯಾಕ್ಟರಿನವನು ನನ್ನ ಬಸ್ಸು ಕೆಟ್ಟು ನಿಂತಿದೆ ಅಂದುಕೊಂಡು, ಮರುಗಿ, ಹತ್ತಿಸಿಕೊಂಡ. ಮನೆ ಬಾಗಿಲಲ್ಲಿ ಟ್ರ್ಯಾಕ್ಟರಿನಿಂದ ಇಳಿದ ನನ್ನನ್ನು ಹೆಂಡತಿ ಮೇಲಿಂದ ಕೆಳಗೆ ನೋಡಿದಳು. "ನಿಮ್ ವಾಕಿಂಗ್‌ಗೆ ಎಷ್ಟು ಲೀಟ್ರು ಡೀಸೆಲ್ ಬೇಕಾಯ್ತದೆ?"

ಹಾರ್ನು

ಅರಕಲಗೂಡಿನ ಹತ್ತಿರ ಒಂದು ಹಳ್ಳಿಯಿದೆ. ಊರು ಕಾಣುತ್ತಲೇ ಉದ್ದಕ್ಕೆ ಹಾರ್ನ್ ಹೊಡೆಯುವುದು ನನ್ನ ಹಳೇ ಚಾಳಿ. ಡಾಕ್ಟರ ಮಾತಿನಂತೆ ಅದನ್ನು ಬಿಟ್ಟು ತಣ್ಣಗೆ ಹೋದೆ. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಮಾರನೇ ದಿನವೂ ಇರಲಿಲ್ಲ. ಆಮೇಲೊಂದು ದಿನ ಹೆಂಗಸರು ರಸ್ತೆಗೇ ಅಡ್ಡ ನಿಂತಿದ್ದರು, ಒಬ್ಬಾಕೆಯ ಕೈಯಲ್ಲಿ ಮುದ್ದೆ ಕೋಲು ಬೇರೆ.

"ಯಾಕಣ್ಣಾ, ನಮ್ ಮ್ಯಾಲೆ ಕ್ವಾಪವಾ? ನಿನ್ ಆರನ್ ಕೇಳಿ ತಾನೇ ನಾವು ಮನೆ ಬಾಗ್ಲಾಕ್ಕಂಡು ಬರದು? ಮಕ್ಳು ಕಾಲೇಜ್‌ಗೆ ಓಗಿಲ್ಲ."

"ನಿನ್ ಆರನ್‌ಗೆ ನಾನು ಮುದ್ದೆ ಇಳಿಸ್ತಿದ್ದೆ. ಸೀದೋಯ್ತು," ಎಂದಳು ಕೋಲಿನವಳು.

ಕೋಪ ಬಿಡಲೆಂದೇ ಹಾರ್ನ್ ಬಿಟ್ಟೆ, ಬಿ.ಪಿ. ಇಳಿಯದಿದ್ದರೆ ಕೆಲಸಕ್ಕೇ ಕುತ್ತು ಅಂತ ಎಲ್ಲ ಬಿಡಿಸಿ ಹೇಳಿದೆ. ಆಕೆ ಕೋಲು ಇಳಿಸಿ ಯೋಚಿಸಿದಳು. "ಅಂಗಾರೆ ಕ್ವಾಪ ಬುಟ್ಬುಡಣ್ಣ. ಆರನ್ ಮಾತ್ರ ಒಡಿ."

ಉಸಿರು

ಇನ್ನು ಉಳಿದದ್ದು ಉಸಿರಾಟ. ಅದಕ್ಕೆ ಯಾರ ಸಹಾಯವೂ ಬೇಕಿಲ್ಲವಲ್ಲ ಅಂತ ಧೈರ್ಯ. ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕಾಫಿಗೆ ಹೋಗಿದ್ದಾಗ, ಸೀಟಿನಲ್ಲೇ ಒರಗಿ ಕಣ್ಣು ಮುಚ್ಚಿ ಉದ್ದುದ್ದ ಉಸಿರು ಎಳೆದೆ. ಹಾಯೆನ್ನಿಸುತ್ತಿತ್ತು.

ಮುಖಕ್ಕೆ ರಪ್ಪೆಂದು ನೀರು ಬಿತ್ತು. ಕಣ್ಣು ಬಿಡುವಷ್ಟರಲ್ಲಿ ಅಂಗೈಗೆ ಬೀಗದ ಕೈ ಗೊಂಚಲು ತುರುಕಿಯಾಗಿತ್ತು. ಮುಂದೆ ಒಬ್ಬ ಅಜ್ಜಿ, ಕೈಯಲ್ಲಿ ಖಾಲಿ ಬಾಟಲಿ. "ಬಿಗಿಯಾಗಿ ಇಡ್ಕೊ ಮಗಾ, ಬುಡಬ್ಯಾಡ. ಮೂರ್ಛೆಗೆ ಕಬ್ಬಿಣವೇ ಮದ್ದು." ಹಿಂದೆ ತಿರುಗಿದರೆ ಬಸ್ಸು ಖಾಲಿ. ಜನ ಕೆಳಗಿಳಿದು ನಿಂತು ಒಳಗೆ ಇಣುಕುತ್ತಿದ್ದರು.

ನನಗೇನೂ ಆಗಿಲ್ಲ, ಇದು ಡಾಕ್ಟರು ಹೇಳಿದ ಅಭ್ಯಾಸ ಅಂದೆ. ಎಲ್ಲರೂ ಹತ್ತಿದರು. ಅಜ್ಜಿ ಮಾತ್ರ ನಂಬಲಿಲ್ಲ. ಹೊಳೆನರಸೀಪುರದವರೆಗೂ ನನ್ನ ಹಿಂದೆಯೇ ಕೂತು, ನಾನು ರೆಪ್ಪೆ ಬಡಿದಾಗಲೆಲ್ಲ "ಮಗಾ, ಎಚ್ಚರವಾಗಿದ್ದೀಯಾ?" ಅನ್ನುತ್ತಿದ್ದರು.

ಮೆಡಿಕಲ್ಲು

ತಿಂಗಳಾಯಿತು. ಹಾಸನದ ಆಸ್ಪತ್ರೆಗೆ ಹೋದೆ. ಪಟ್ಟಿ ಸುತ್ತುವಾಗಲೇ ಎದೆ ಡವಗುಟ್ಟುತ್ತಿತ್ತು. ಡಾಕ್ಟರು ಮತ್ತೆ ಹುಬ್ಬೆತ್ತಿದರು.

"ಹೆದರಿದ್ದೀರಿ. ಹೊರಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬನ್ನಿ. ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಇದ್ರೆ ನನ್ನ ಕೈಲಿ ಏನೂ ಇಲ್ಲ."

ಹೊರಗೆ ಬೆಂಚಿನ ಮೇಲೆ ಕುಸಿದೆ. ಕೆಲಸ ಹೋಯಿತು ಅಂತಲೇ ಅನ್ನಿಸಿತು, ಅಳು ಬರುವ ಹಾಗಾಯಿತು. ಕೊನೆಯ ಪ್ರಯತ್ನ ಅಂತ ಕಣ್ಣು ಮುಚ್ಚಿ ಉಸಿರೆಳೆದೆ.

ರಪ್ಪೆಂದು ನೀರು ಬಿತ್ತು.

ಅಂಗೈಯಲ್ಲಿ ಅದೇ ಗೊಂಚಲು. ಮಂಡಿ ನೋವಿಗೆ ತೋರಿಸಲು ಬಂದಿದ್ದ ಅದೇ ಅಜ್ಜಿ! "ಅವತ್ತೇ ಏಳ್ದೆ, ಕೇಳಿದ್ಯಾ ನೀನು? ಇಡ್ಕೊ ಬಿಗಿಯಾಗಿ."

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಜ್ಜಿಗೆ ಕಾಯಿಲೆ ತಲೆಗೇರಿತು ಅನ್ನಿಸಿರಬೇಕು, ನನ್ನ ರಟ್ಟೆ ಹಿಡಿದು ತಾವೇ ಒಳಗೆ ಬಿಟ್ಟು, ಹೊರಗೆ ಬೆಂಚಿನ ಮೇಲೆ ಹೋಗಿ ಕೂತರು. ನಗು ಅಡಗಿದ ಮೇಲೆ ಡಾಕ್ಟರು ಪಟ್ಟಿ ಸುತ್ತಿದರು. ಗಾಳಿ ಇಳಿಯಿತು. ಹುಬ್ಬು ಇದ್ದಲ್ಲೇ ಇತ್ತು. ಮತ್ತೊಮ್ಮೆ ನೋಡಿದರು.

"ನಾರ್ಮಲ್. ಹೋಗಿ, ಬಸ್ ಓಡಿಸಿ."

ಜೀವ ಬಂದ ಹಾಗಾಯಿತು. ಕೈ ಮುಗಿಯಲು ಹೋದರೆ ಗೊಂಚಲು ಗಲಗಲ ಅಂದಿತು. ಡಾಕ್ಟರು ಅದನ್ನೂ, ಒದ್ದೆಯಾದ ನನ್ನ ಅಂಗಿಯನ್ನೂ ನೋಡಿ, ಹೊರಗೆ ಏನಾಯಿತು ಅಂತ ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಬಾಗಿಲಾಚೆ ಕಾಯುತ್ತಿದ್ದ ಡ್ರೈವರುಗಳ ಸಾಲನ್ನು ನೋಡಿ ನರ್ಸಮ್ಮನಿಗೆ ಮೆಲ್ಲಗೆ ಹೇಳಿದರು:

"ಆ ಅಜ್ಜಿಗೆ ಬೀಗದ ಕೈ ಈಗಲೇ ಕೊಡಬೇಡಿ. ಬಾಟಲಿಗೆ ನೀರು ತುಂಬಿಸಿಕೊಡಿ."