ದಯವಿಟ್ಟು ಅಂದ ಯಜಮಾನರು

ಯಜಮಾನರ ದವಡೆ ಹಲ್ಲು ಇನ್ನೊಂದು ದಿನ ತಡೆದುಕೊಂಡಿದ್ದರೆ ಬೀಗಪ್ಪನ ಮಾನ ಉಳಿಯುತ್ತಿತ್ತು. ಆದರೆ ಅವತ್ತು ಆಫೀಸಿನಲ್ಲಿ ಪರೀಕ್ಷೆ ಇದೆಯೆಂದು ಹಲ್ಲಿಗೇನು ಗೊತ್ತು? ಬೆಳಗಾಗುತ್ತಲೇ ಅದು ಚುಳ್ಳೆಂದಿತು. ಯಜಮಾನರು ಆಫೀಸಿನ ಲೆಕ್ಕಪತ್ರ ನೋಡುವ ಲೆಕ್ಕದಕ್ಕನಿಗೆ ಮಾತ್ರ ವಿಷಯ ತಿಳಿಸಿ, "ಯಾರಿಗೂ ಹೇಳಬೇಡ, ಕೆಲಸ ಬಿಟ್ಟು ಹರಟೆ ಹೊಡೀತಾರೆ" ಎಂದು ತಾಕೀತು ಮಾಡಿ ದಂತವೈದ್ಯರ ಕಡೆ ಹೊರಟರು.

ಬೀಗಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. "ಕುರ್ಚಿ ಬಿಟ್ಟು ಎದ್ರೆ ಕಂಪ್ಯೂಟರಿಗೆ ಬೀಗ ಹಾಕ್ರೀ" ಎಂದು ಎಲ್ಲರ ಬೆನ್ನು ಹತ್ತಿ ಸಂಪಾದಿಸಿಕೊಂಡ ಬಿರುದು. ಅಳತೆ ತೆಗೆದು ದಿಂಬು ಮಾಡಿಕೊಡುವ ಕಂಪನಿಗೆ ಇಷ್ಟೇಕೆ ಬೀಗ ಎನ್ನಬಹುದು. ಆದರೆ ಊರಿನ ಅರ್ಧ ಜನರ ಕುತ್ತಿಗೆಯ ಅಳತೆ, ಗೊರಕೆಯ ವಿವರ, ಯಾವ ಗಂಡಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಾರೆ ಎಂಬ ಗುಟ್ಟು ಎಲ್ಲವೂ ಆ ಕಂಪ್ಯೂಟರಿನಲ್ಲಿತ್ತು. ಅದು ಬೀದಿಗೆ ಬಿದ್ದರೆ ಊರಿನವರು ಮುಖ ಎತ್ತಿಕೊಂಡು ತಿರುಗುವಂತಿರಲಿಲ್ಲ.

ಅದಕ್ಕೇ ಯಜಮಾನರು ಬಾಡಿಗೆ ಕೊಟ್ಟು ಕಳ್ಳರನ್ನು ಕರೆಸಿದ್ದರು. ಮನುಷ್ಯರನ್ನಲ್ಲ, ಕೃತಕ ಬುದ್ಧಿಮತ್ತೆಯ ಏಜೆಂಟುಗಳನ್ನು. ಮೊದಲಾದರೆ ಪರಿಣತರು ವಾರಗಟ್ಟಲೆ ಕೂತು, ಕಂಪನಿಯ ಒಪ್ಪಿಗೆ ಪಡೆದೇ ಅದರ ಕಂಪ್ಯೂಟರಿಗೆ ನುಗ್ಗಲು ನೋಡಿ, ಎಲ್ಲಿ ತೂತಿದೆಯೆಂದು ಹೇಳುತ್ತಿದ್ದರು. ಈಗ ಆ ಕೆಲಸವನ್ನೆಲ್ಲ ಈ ಏಜೆಂಟುಗಳೇ ಮಾಡುತ್ತವೆ. ಒಂದು ಬಾಗಿಲು ತಡಕುತ್ತದೆ, ಒಂದು ಪಾಸ್‌ವರ್ಡ್ ಊಹಿಸುತ್ತದೆ, ಒಂದು ನಯವಾಗಿ ಮೇಲ್ ಬರೆಯುತ್ತದೆ, ಒಂದು ಬೇಕಾದವರ ದನಿಯಲ್ಲಿ ಫೋನ್ ಮಾಡುತ್ತದೆ. ಒಂದಕ್ಕೆ ಸಿಕ್ಕ ಸುಳಿವು ಕಣ್ಣುಮುಚ್ಚಿ ತೆರೆಯುವುದರೊಳಗೆ ಇನ್ನೊಂದಕ್ಕೆ ದಾಟುತ್ತದೆ. ಟೀ ಕುಡಿಯಲೂ ಏಳುವುದಿಲ್ಲ.

"ಸಂಜೆವರೆಗೂ ಮುಖ್ಯ ಪಾಸ್‌ವರ್ಡ್ ಉಳಿಸ್ಕೊಂಡ್ರೆ ನೀನೇ ಭದ್ರತಾ ಮುಖ್ಯಸ್ಥ. ಹೋಯ್ತೋ, ವಾಪಸ್ ಪ್ರಿಂಟರಿಗೆ ಶಾಯಿ ತುಂಬು," ಎಂದಿದ್ದರು ಯಜಮಾನರು.

ಬೀಗಪ್ಪ ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಹೆಂಡತಿ ಆಗಲೇ ತನ್ನ ಅಕ್ಕನಿಗೆ ಫೋನ್ ಮಾಡಿ "ನಮ್ಮನೆಯವರು ಮುಖ್ಯಸ್ಥರಾದ್ರು" ಎಂದು ಸಾರಿಬಿಟ್ಟಿದ್ದಳು. ಆ ಅಕ್ಕನ ಗಂಡ, ಅಂದರೆ ಬೀಗಪ್ಪನ ಷಡ್ಡಕ, ಸಿಕ್ಕಾಗಲೆಲ್ಲ "ಇನ್ನೂ ಶಾಯೀನೇ ತುಂಬ್ತಿದೀಯಾ?" ಎಂದು ಹಲ್ಲುಕಿರಿಯುವ ಆಸಾಮಿ. ಅವನ ಬಾಯಿ ಮುಚ್ಚಿಸಲು ಇದೊಂದೇ ದಾರಿಯಿತ್ತು.

ಬೀಗಪ್ಪ ಎಲ್ಲರನ್ನೂ ಕೂಡಿಸಿ ಎಚ್ಚರಿಕೆ ಕೊಟ್ಟ. "ಇವತ್ತು ಯಾರನ್ನೂ ನಂಬಬೇಡಿ. ಪಾಸ್‌ವರ್ಡ್ ಕೇಳಿದ್ರೆ ಮುಖದ ಮೇಲೆ ಹೊಡೆದಂಗೆ ಇಲ್ಲ ಅನ್ನಿ."

ಜನ ಬೇಕಾದ್ದಕ್ಕಿಂತ ಹೆಚ್ಚೇ ಎಚ್ಚರವಾದರು. ಉಗ್ರಾಣದ ದೊಡ್ಡಪ್ಪ ತನ್ನ ಕಂಪ್ಯೂಟರಿನ ಪ್ಲಗ್ ಕಿತ್ತು, ಅದಕ್ಕೆ ದೊಡ್ಡ ದಿಂಬಿನ ಚೀಲ ತೊಡಿಸಿ, ಪಕ್ಕದಲ್ಲಿ ಕೋಲು ಹಿಡಿದು ಕೂತ. ಲೆಕ್ಕದಕ್ಕ ಬಂದ ಮೇಲಿಗೆಲ್ಲ ಮಂಗಳಾರತಿ ಎತ್ತತೊಡಗಿದಳು. ದಿಂಬು ಗಟ್ಟಿಯಾಯಿತೆಂದು ದೂರಿದ ನಿಜವಾದ ಗಿರಾಕಿಯೊಬ್ಬರಿಗೆ "ಕಳ್ಳ ಯಂತ್ರವೇ, ನಾಚಿಕೆಯಾಗಲ್ವಾ?" ಎಂಬ ಉತ್ತರ ಹೋಯಿತು. ಅವರು ಫೋನ್ ಮಾಡಿ ಬೈದಾಗ ದೊಡ್ಡಪ್ಪ "ದನಿ ಭಾರೀ ಚೆನ್ನಾಗಿ ತೆಗೆದಿದೆ ಕಣ್ರೀ!" ಎಂದು ಮೆಚ್ಚಿಕೊಂಡ.

"ಯಾರೋ ಯಜಮಾನ್ರ ಹೆಸರು ಹೇಳ್ಕೊಂಡು ಪಾಸ್‌ವರ್ಡ್ ಕೇಳಿದ್ರು," ಎಂದಳು ಲೆಕ್ಕದಕ್ಕ ಹೆಮ್ಮೆಯಿಂದ. "ಕೊಡ್ತೀನಾ ನಾನು? ಸರಿಯಾಗಿ ಬರೆದು ಕಳಿಸಿದೀನಿ."

ಏನು ಬರೆದೆ ಎಂದು ಬೀಗಪ್ಪ ಕೇಳುವಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ನಂಬರು.

"ನಾನಪ್ಪಾ. ಹಲ್ಲಿನ ಡಾಕ್ಟರ ಹತ್ರ ಇದೀನಿ. ಇದು ಅವರ ಫೋನು," ಎಂದಿತು ಯಜಮಾನರದೇ ದನಿ, ಅದೇ ಕೆಮ್ಮಿನ ಸಮೇತ. "ಆ ಮುಖ್ಯ ಪಾಸ್‌ವರ್ಡ್ ಮರೆತುಹೋಯ್ತು. ದಯವಿಟ್ಟು ಈ ನಂಬರಿಗೆ ಕಳಿಸ್ತೀಯಾ?"

ಬೀಗಪ್ಪನ ಕಿವಿ ನೆಟ್ಟಗಾಯಿತು. ಅವನು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿ ಮೀಸೆ ತಿರುವಿದ.

"ಲೇ ಯಂತ್ರ, ಸಿಕ್ಕಿಬಿದ್ದೆ! ನಮ್ಮ ಯಜಮಾನ್ರು ಹುಟ್ಟಿದಾಗಿಂದ ಯಾರಿಗಾದ್ರೂ ದಯವಿಟ್ಟು ಅಂದಿದ್ದಾರೇನೋ? ಆ ಮಹಾನುಭಾವ ಏಸಿ ರಿಮೋಟ್ ಡ್ರಾಯರಲ್ಲಿಟ್ಟು ಬೀಗ ಹಾಕ್ಕೊಳೋ ಮನುಷ್ಯ! ಮೀಟಿಂಗಲ್ಲಿ ಸ್ಯಾಂಪಲ್ ದಿಂಬಿನ ಮೇಲೆ ಗೊರಕೆ ಹೊಡೆದು, ಎದ್ದು 'ಎಲ್ಲಾ ಕೇಳಿಸ್ಕೊಂಡೆ' ಅನ್ನೋನು! ಅವನ ಬಾಯಲ್ಲಿ ದಯವಿಟ್ಟು ಬರಬೇಕಾದ್ರೆ ಮೊದಲು ಹಲ್ಲು ಉದುರಬೇಕು!"

ಆಫೀಸು ಚಪ್ಪಾಳೆಯಿಂದ ತುಂಬಿತು. ದೊಡ್ಡಪ್ಪ ಕೋಲನ್ನು ನೆಲಕ್ಕೆ ಕುಟ್ಟಿದ. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದುದು ಹೊರಬಂದು ಬೀಗಪ್ಪನಿಗೂ ಹಗುರವಾಗಿತ್ತು.

ಆ ಹೊತ್ತಿಗೆ ಯಜಮಾನರ ಡ್ರೈವರ್ ಒಳಗೆ ಬಂದ. "ಒಂದು ಮೆತ್ತನೆ ದಿಂಬು ಕೊಡ್ರಪ್ಪಾ. ಯಜಮಾನ್ರು ಹಲ್ಲಿನ ಡಾಕ್ಟರ ಹತ್ರ ಇದಾರೆ. ಕೆನ್ನೆ ಕೆಳಗೆ ಕೈಯಿಟ್ಟು ದಿಂಬು ತಾ ಅಂತ ಸನ್ನೆ ಮಾಡಿದ್ರು. ಕೆಂಡದಂಥ ಸಿಟ್ಟಲ್ಲಿದಾರೆ."

ಚಪ್ಪಾಳೆ ನಿಂತಿತು. ಬೀಗಪ್ಪ ಡ್ರೈವರನ ತೋಳು ಹಿಡಿದ.

"ನಿಜವಾಗ್ಲೂ ಹಲ್ಲಿನ ಡಾಕ್ಟರ ಹತ್ರಾನಾ?"

"ಹೂಂ ಮತ್ತೆ," ಎಂದು ಡ್ರೈವರ್ ದಿಂಬು ಬಗಲಿಗೆ ಸಿಕ್ಕಿಸಿಕೊಂಡು ನಡೆದ.

"ಅಯ್ಯೋ, ಪಾಪ! ನೋವಲ್ಲಿ ಮೆತ್ತಗಾಗಿ ದಯವಿಟ್ಟು ಅಂದಿದಾರೆ," ಎಂದು ಲೆಕ್ಕದಕ್ಕ ಕೆನ್ನೆ ಹಿಡಿದುಕೊಂಡಳು. "ನೀನು ಹಲ್ಲು ಉದುರ್ಲಿ ಅಂತ ಶಾಪ ಹಾಕಿದೆಯಲ್ಲೋ!"

"ಮೊದಲು ಪಾಸ್‌ವರ್ಡ್ ಕಳಿಸು, ಆಮೇಲೆ ಕಾಲು ಹಿಡಿ," ಎಂದ ದೊಡ್ಡಪ್ಪ. ಈಗತಾನೇ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಬೀಗಪ್ಪನ ಕಣ್ಣ ಮುಂದೆ ಷಡ್ಡಕ ಹಲ್ಲುಕಿರಿದ. ಮುಖ್ಯಸ್ಥನಾಗುವುದಿರಲಿ, ಶಾಯಿ ತುಂಬುವ ಕೆಲಸವೂ ಉಳಿಯುವಂತಿರಲಿಲ್ಲ. ಆ ನಂಬರಿಗೆ ಪಾಸ್‌ವರ್ಡ್ ಕಳಿಸಿ, ಕೆಳಗೆ "ತಪ್ಪಾಯ್ತು ಸರ್, ಹಲ್ಲು ಬೇಗ ಗುಣವಾಗಲಿ" ಎಂದು ಸೇರಿಸಿದ.

ಸಂಜೆ ಯಜಮಾನರು ಬಂದರು. ಒಂದು ಕೆನ್ನೆ ಊದಿ, ಬಾಯಿ ತುಂಬ ಹತ್ತಿ. ಕೋಣೆ ಹೊಕ್ಕ ಕೂಡಲೇ ಬೀಗಪ್ಪ ಹಿಂದೆಯೇ ನುಗ್ಗಿದ.

"ಸರ್, ಹೊಟ್ಟೆಗೆ ಹಾಕ್ಕೊಳ್ಳಿ. ಏಸಿ ರಿಮೋಟ್ ವಿಷಯ ನಾನು ಬೇಕಂತ ಹೇಳಿದ್ದಲ್ಲ. ಗೊರಕೆ ಯಾರಿಗಿಲ್ಲ ಸರ್? ಹಲ್ಲು ಉದುರ್ಲಿ ಅಂದಿದ್ದು ಬಾಯಿ ತಪ್ಪಿ..."

ಯಜಮಾನರ ಕಣ್ಣು ಅಗಲವಾಗುತ್ತ ಹೋದವು. ಅವರು ಒಂದು ಹಾಳೆ ಎಳೆದುಕೊಂಡು ಗೀಚಿ ಮುಂದೆ ಹಿಡಿದರು: "ಯಾವಾಗ ಹೇಳಿದೆ ಇದನ್ನೆಲ್ಲ?"

"ನೀವು ಫೋನ್ ಮಾಡಿದಾಗ ಸರ್."

ಯಜಮಾನರು ಮತ್ತೆ ಗೀಚಿದರು: "ಬೆಳಗ್ಗೆಯೇ ಹತ್ತಿ ತುರುಕಿದಾರೆ. ಆಮೇಲೆ ನಾನು ಒಂದು ಮಾತೂ ಆಡಿಲ್ಲ."

ಬೀಗಪ್ಪ ಫೋನ್ ತೆಗೆದು ಆ ಗುರುತಿಲ್ಲದ ನಂಬರನ್ನು ಇನ್ನೊಮ್ಮೆ ನೋಡಿದ. ಅಷ್ಟರಲ್ಲಿ ಲೆಕ್ಕದಕ್ಕ "ಯಂತ್ರದ ವರದಿ ಬಂತು!" ಎನ್ನುತ್ತ ಓಡಿಬಂದು, ತಡೆಯುವವರಿಲ್ಲದೆ ಗಟ್ಟಿಯಾಗಿ ಓದಿಬಿಟ್ಟಳು. ಬಾಗಿಲುಗಳೆಲ್ಲ ಭದ್ರ. ಉಗ್ರಾಣದ ಕಂಪ್ಯೂಟರಿನಲ್ಲಿ ಜೀವದ ಲಕ್ಷಣ ಕಾಣಲಿಲ್ಲ. ಲೆಕ್ಕಪತ್ರ ವಿಭಾಗದವರು ಪಾಸ್‌ವರ್ಡ್ ಕೊಡದೆ, "ಯಜಮಾನರು ಹಲ್ಲು ಕೀಳಿಸಲು ಹೋಗಿದ್ದಾರೆ, ಅವರನ್ನೇ ಕೇಳಿ" ಎಂದು ಉತ್ತರಿಸಿದ್ದರಿಂದ ಮುಂದಿನ ದಾರಿ ಸಿಕ್ಕಿತು. ಇಲ್ಲಿ ಲೆಕ್ಕದಕ್ಕನ ದನಿ ಸಣ್ಣಗಾಯಿತು. ಮುಖ್ಯ ಪಾಸ್‌ವರ್ಡನ್ನು ಭದ್ರತೆ ನೋಡಿಕೊಳ್ಳುವವರೇ ಕ್ಷಮೆ ಕೇಳಿ ಕಳಿಸಿಕೊಟ್ಟರು.

"ಕೊನೇಲೊಂದು ಸಲಹೆ ಇದೆ," ಎಂದಳು. "ಫೋನಿನಲ್ಲಿ ಇವರು ಮೊದಲು ಕೊಟ್ಟ ಉತ್ತರ ಅತ್ಯುತ್ತಮ. ಯಜಮಾನರ ಸ್ವಭಾವದ ಖಚಿತ ತಿಳಿವಳಿಕೆಯಿಂದ ಮೋಸವನ್ನು ಗುರುತಿಸಿದ್ದಾರೆ. ಅದರ ಧ್ವನಿಮುದ್ರಣ ಲಗತ್ತಿಸಿದೆ. ಎಲ್ಲ ನೌಕರರಿಗೂ ಮಾದರಿಯಾಗಿ ಕೇಳಿಸುವುದು."

ಯಜಮಾನರು ಹಾಳೆಯ ಮೇಲೆ ಒಂದೇ ಪದ ಬರೆದರು: "ಹಾಕು."

ಬೀಗಪ್ಪನ ದನಿ ಕೋಣೆ ತುಂಬಿತು. ರಿಮೋಟು ಬಂತು, ಡ್ರಾಯರು ಬಂತು, ಸ್ಯಾಂಪಲ್ ದಿಂಬು ಬಂತು. ಮೊದಲು ಹಲ್ಲು ಉದುರಬೇಕು ಎನ್ನುವಲ್ಲಿ ಚಪ್ಪಾಳೆ, ಕೋಲು ಕುಟ್ಟಿದ ಸದ್ದು. ಬಾಗಿಲಲ್ಲಿ ಇಣುಕುತ್ತಿದ್ದ ದೊಡ್ಡಪ್ಪ ಕೋಲನ್ನು ಬೆನ್ನ ಹಿಂದೆ ಅಡಗಿಸಿದ.

ಯಜಮಾನರು ನಿಧಾನವಾಗಿ ಬಾಯಿಗೆ ಕೈಹಾಕಿ ಹತ್ತಿಯನ್ನು ತೆಗೆದಿಟ್ಟು, ಬೆಳಗ್ಗೆ ಬಾಯಿ ಮುಚ್ಚಿದ ಮೇಲಿನ ಮೊದಲ ಮಾತಾಡಿದರು.

"ದಯವಿಟ್ಟು," ಎಂದರು, "ಪ್ರಿಂಟರಿಗೆ ಶಾಯಿ ತುಂಬಪ್ಪಾ."